ಪಾಠ ಒಂದೇ, ಸಾಲ ಬೇರೆ ಬೇರೆ

ಅಮೆರಿಕದ ಕಾಲೇಜು ಸಾಲದ ನಿಯಮಗಳು 2026ರ ಜುಲೈ 1ರಿಂದ ಬದಲಾಗುತ್ತವೆ. 2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ತೆರಿಗೆ ಮತ್ತು ಖರ್ಚಿನ ಕಾಯ್ದೆಯೊಳಗೇ ಈ ನಿಯಮಗಳೂ ಸೇರಿವೆ. ಅದರಲ್ಲಿನ ಒಂದು ಕಲಮು ಪ್ರತಿ ಪದವಿ ಕೋರ್ಸಿಗೂ ಗಳಿಕೆಯ ಪರೀಕ್ಷೆ ಇಡುತ್ತದೆ. ಕೋರ್ಸು ಮುಗಿಸಿ ನಾಲ್ಕು ವರ್ಷವಾದವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಗಳಿಕೆ, ಅಂದರೆ ಮಧ್ಯಾಂಕ, ಎಷ್ಟಿದೆ ಎಂದು ಸರ್ಕಾರ ನೋಡುತ್ತದೆ. ಅದೇ ರಾಜ್ಯದಲ್ಲಿ ಹೈಸ್ಕೂಲು ಮಾತ್ರ ಓದಿ ದುಡಿಯುತ್ತಿರುವ 25ರಿಂದ 34 ವರ್ಷದವರ ಮಧ್ಯಾಂಕ ಗಳಿಕೆಗಿಂತ ಅದು ಕಡಿಮೆ ಬಂದರೆ ಕೋರ್ಸು ಫೇಲು. ಮೂರು ವರ್ಷಗಳಲ್ಲಿ ಎರಡು ಸಲ ಫೇಲಾದರೆ ಆ ಕೋರ್ಸಿಗೆ ಸೇರುವವರಿಗೆ ಸರ್ಕಾರಿ ಸಾಲ ಸಿಗುವುದಿಲ್ಲ.

ವಿದ್ಯಾರ್ಥಿಗಳು ಸಾಲದಲ್ಲಿ ಮುಳುಗದಂತೆ ತಡೆಯುವ ಕ್ರಮ ಎಂದು ಇದನ್ನು ಮುಂದಿಡಲಾಗಿದೆ. ಉದ್ದೇಶ ಸರಿ. ಆದರೆ ಈ ಪರೀಕ್ಷೆ ಗಳಿಕೆಯನ್ನು ಮಾತ್ರ ನೋಡುತ್ತದೆ, ಫೀಸನ್ನು ನೋಡುವುದಿಲ್ಲ. ಆರು ಸಾವಿರ ಡಾಲರಿಗೆ ಕಲಿಸುವ ಸರ್ಕಾರಿ ಕಾಲೇಜಿಗೂ ಅರವತ್ತು ಸಾವಿರ ಡಾಲರಿಗೆ ಕಲಿಸುವ ಖಾಸಗಿ ಕಾಲೇಜಿಗೂ ಒಂದೇ ಅಳತೆಗೋಲು. ಜನಾಂಗೀಯ ಅಧ್ಯಯನ ಮತ್ತು ಲಿಂಗತ್ವ ಅಧ್ಯಯನದಂಥ ವಿಷಯಗಳ ಮೇಲೆ ಇದರ ಪರಿಣಾಮ ಏನಾಗಬಹುದು ಎಂಬುದನ್ನು ಕೈಯಲ್ಲಿರುವ ಅಂಕಿಗಳಿಂದಲೇ ಊಹಿಸಬಹುದು. ಅಗ್ಗದ ಬಾಗಿಲುಗಳು ಮುಚ್ಚುತ್ತವೆ, ದುಬಾರಿ ಬಾಗಿಲುಗಳು ಉಳಿಯುತ್ತವೆ, ಒಳಗೆ ಹೋದ ಬಡ ಮತ್ತು ಮಧ್ಯಮ ವರ್ಗದ ಮಕ್ಕಳ ತಲೆಯ ಮೇಲೆ ಮೂವತ್ತು ವರ್ಷದ ಸಾಲ ಕೂರುತ್ತದೆ.

ಈ ವಿಷಯಗಳು ಹುಟ್ಟಿದ್ದು ದುಬಾರಿ ಕಾಲೇಜುಗಳಲ್ಲಲ್ಲ. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಎಂಬ ಸರ್ಕಾರಿ ಕಾಲೇಜಿನಲ್ಲಿ ಕಪ್ಪು, ಏಷ್ಯನ್, ಲ್ಯಾಟಿನೊ ಮತ್ತು ಮೂಲನಿವಾಸಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ತಮ್ಮ ಜನರ ಚರಿತ್ರೆಯನ್ನೂ ಪಾಠ ಮಾಡಬೇಕು, ತಮ್ಮವರಿಗೆ ಸೀಟು ಸಿಗಬೇಕು ಎಂಬುದು ಅವರ ಬೇಡಿಕೆ. 1969ರ ಮಾರ್ಚ್‌ವರೆಗೆ ಮುಷ್ಕರ ನಡೆಯಿತು, ಪೊಲೀಸರು ಲಾಠಿ ಬೀಸಿದರು, ನೂರಾರು ಮಂದಿ ಜೈಲು ಕಂಡರು. ಅದರ ಫಲವಾಗಿ ಅಲ್ಲಿ ಜನಾಂಗೀಯ ಅಧ್ಯಯನದ ಪ್ರತ್ಯೇಕ ಕಾಲೇಜೇ ಆರಂಭವಾಯಿತು. ಮರುವರ್ಷ, 1970ರಲ್ಲಿ, ಸ್ಯಾನ್ ಡಿಯೇಗೊ ಸ್ಟೇಟ್‌ನಲ್ಲಿ ಅಮೆರಿಕದ ಮೊದಲ ಮಹಿಳಾ ಅಧ್ಯಯನ ವಿಭಾಗ ತೆರೆಯಿತು. ಅದೂ ಸರ್ಕಾರಿ ಕಾಲೇಜೇ. ದುಡಿಯುವ ಕುಟುಂಬಗಳ ಮಕ್ಕಳು ಕಡಿಮೆ ಫೀಸಿನಲ್ಲಿ ಕಲಿಯಲೆಂದು ಹೋರಾಡಿ ಪಡೆದ ವಿಷಯಗಳಿವು. ಈ ಮೂಲವನ್ನು ಮರೆತರೆ ಮುಂದಿನ ಲೆಕ್ಕ ಅರ್ಥವಾಗುವುದಿಲ್ಲ.

ಅಮೆರಿಕ ಸರ್ಕಾರದ ಶಿಕ್ಷಣ ಅಂಕಿಅಂಶಗಳಲ್ಲಿ ಪ್ರತಿ ವಿಷಯಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಜನಾಂಗೀಯ ಅಧ್ಯಯನ, ಲಿಂಗತ್ವ ಅಧ್ಯಯನ, ಆಫ್ರಿಕನ್-ಅಮೆರಿಕನ್ ಅಧ್ಯಯನ, ಚಿಕಾನೊ ಅಧ್ಯಯನ ಎಲ್ಲವೂ 05 ಎಂಬ ಒಂದೇ ಗುಂಪಿನಲ್ಲಿವೆ. ಕನ್ನಡದಂಥ ಭಾಷೆಗಳಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆಸರೆಯಾಗಿರುವ ದಕ್ಷಿಣ ಏಷ್ಯಾ ಅಧ್ಯಯನವೂ ಇದೇ ಗುಂಪಿನದು. ಮೈಸೂರಿಗೆ ಬಂದು ಕನ್ನಡ ಕಲಿತು ಹೋಗುವ ಅಮೆರಿಕದ ಸಂಶೋಧಕರಲ್ಲಿ ಅನೇಕರು ಬರುವುದು ಇಂಥ ವಿಭಾಗಗಳಿಂದ. ಹಾಗಾಗಿ 05ರ ಮೇಲೆ ಬೀಳುವ ಪೆಟ್ಟು ನಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುವಂತಿಲ್ಲ.

ಗುಂಪು ದೊಡ್ಡದಾಗಿ ಕಂಡರೂ ಓದುವವರು ಕಡಿಮೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಮಂದಿ ನಾಲ್ಕು ವರ್ಷದ ಪದವಿ ಪಡೆಯುತ್ತಾರೆ. ಅವರಲ್ಲಿ ಈ ಇಡೀ ಗುಂಪಿನಿಂದ ಬರುವವರು ಹತ್ತು ಸಾವಿರಕ್ಕಿಂತ ಕಡಿಮೆ, ಬಹುಪಾಲು ಮಹಿಳೆಯರು. ಅಮೆರಿಕದ ಸಾಲದ ಸಮಸ್ಯೆಗೆಲ್ಲ ಇಂಥ ಪದವಿಗಳೇ ಕಾರಣ ಎಂದು ಟಿವಿ ಚರ್ಚೆಗಳಲ್ಲಿ ಕೂಗಾಡುವವರಿಗೆ ಈ ಒಂದು ಅಂಕಿಯೇ ಉತ್ತರ. ಸುಮಾರು 4.3 ಕೋಟಿ ಜನರ ಮೇಲಿರುವ 1.6 ಲಕ್ಷ ಕೋಟಿ ಡಾಲರ್ ಸರ್ಕಾರಿ ವಿದ್ಯಾಸಾಲವನ್ನು ಇಷ್ಟು ಮಂದಿ ಹುಟ್ಟುಹಾಕಲು ಸಾಧ್ಯವಿಲ್ಲ.

ಹಾಗೆಂದು ಗಳಿಕೆಯ ಪ್ರಶ್ನೆಯನ್ನು ತಳ್ಳಿಹಾಕುವುದೂ ತಪ್ಪು. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್ ವಿಷಯವಾರು ಸಂಬಳದ ಪಟ್ಟಿ ಪ್ರಕಟಿಸುತ್ತದೆ. ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರು ಆರಂಭದಲ್ಲೇ 80 ಸಾವಿರ ಡಾಲರಿನ ಆಸುಪಾಸಿನಲ್ಲಿದ್ದರೆ, ಜನಾಂಗೀಯ ಅಧ್ಯಯನದವರು ಅದಕ್ಕಿಂತ ಬಹಳ ಕೆಳಗೆ, ಇತರ ಮಾನವಿಕ ವಿಷಯಗಳವರ ಸಾಲಿನಲ್ಲಿ ಇರುತ್ತಾರೆ. ಸಮಾಜಸೇವಾ ಸಂಸ್ಥೆ, ಶಾಲೆ, ನಗರಾಡಳಿತ, ಮಹಿಳಾ ಸಾಂತ್ವನ ಕೇಂದ್ರ: ಇವರು ಕೆಲಸಕ್ಕೆ ಸೇರುವ ಕಡೆ ಸಂಬಳವೇ ಕಡಿಮೆ.

ಕಡಿಮೆ ಸಂಬಳಕ್ಕೆ ವಿಷಯ ಕಾರಣವೋ, ಅದನ್ನು ಆರಿಸಿಕೊಳ್ಳುವವರ ಹಿನ್ನೆಲೆ ಕಾರಣವೋ ಎಂಬುದು ಹಳೆಯ ವಾದ. ಅದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಝ್ ಕ್ಯಾಂಪಸ್ಸಿನಲ್ಲಿ. ಅಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಳ್ಳಲು ಆರಂಭದ ಕೋರ್ಸುಗಳಲ್ಲಿ 2.8 ಗ್ರೇಡ್ ಬೇಕಿತ್ತು. ಝಕರಿ ಬ್ಲೀಮರ್ ಮತ್ತು ಆಶೀಶ್ ಮೆಹ್ತಾ ಆ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದವರನ್ನೂ ಕೂದಲೆಳೆಯಲ್ಲಿ ದಾಟಲಾಗದವರನ್ನೂ ಹೋಲಿಸಿದರು. ಇಬ್ಬರ ಬುದ್ಧಿಮಟ್ಟವೂ ಹಿನ್ನೆಲೆಯೂ ಹೆಚ್ಚುಕಡಿಮೆ ಒಂದೇ. ಆದರೂ ಅರ್ಥಶಾಸ್ತ್ರ ಸಿಕ್ಕವರು ಉದ್ಯೋಗದ ಆರಂಭದ ವರ್ಷಗಳಲ್ಲಿ ಸುಮಾರು 22 ಸಾವಿರ ಡಾಲರ್, ಅಂದರೆ ಶೇ 46ರಷ್ಟು, ಹೆಚ್ಚು ಗಳಿಸಿದರು. ಅಂದರೆ ಯಾವ ವಿಷಯ ಓದುತ್ತೀರಿ ಎಂಬುದಕ್ಕೆ ತನ್ನದೇ ಆದ ಬೆಲೆ ಇದೆ. ಇದೇ ಸಂಶೋಧಕರು ಇನ್ನೊಂದನ್ನೂ ತೋರಿಸಿದ್ದಾರೆ: ಇಂಥ ಗ್ರೇಡ್ ಗೆರೆಗಳು ಕಪ್ಪು ಮತ್ತು ಲ್ಯಾಟಿನೊ ವಿದ್ಯಾರ್ಥಿಗಳನ್ನು ಹೆಚ್ಚು ಸಂಬಳದ ವಿಷಯಗಳಿಂದ ಹೆಚ್ಚಾಗಿ ಹೊರಗಿಡುತ್ತವೆ. ಕಡಿಮೆ ಸಂಬಳದ ವಿಷಯಕ್ಕೆ ಬಂದವರೆಲ್ಲ ತಾವೇ ಆರಿಸಿಕೊಂಡು ಬಂದವರಲ್ಲ. ಕೆಲವರ ಪಾಲಿಗೆ ಬೇರೆ ಬಾಗಿಲು ಮುಚ್ಚಿತ್ತು. ಬಡ ಜಿಲ್ಲೆಯ ಹೈಸ್ಕೂಲಿನಲ್ಲಿ ಗಣಿತದ ಪಾಠ ಸರಿಯಾಗಿ ಸಿಗದ ಹುಡುಗಿಗೆ ಇಪ್ಪತ್ತನೇ ವಯಸ್ಸಿನಲ್ಲಿ ಅದರ ದಂಡ ಬೀಳುತ್ತದೆ.

ಇನ್ನು ಬೆಲೆಗೆ ಬರೋಣ. ಹಾನಿಯ ಬೇರು ಇರುವುದು ಇಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಲೇಜ್ ಬೋರ್ಡ್‌ನ ಲೆಕ್ಕದಂತೆ 2024-25ರಲ್ಲಿ ಸ್ವಂತ ರಾಜ್ಯದ ಸರ್ಕಾರಿ ಕಾಲೇಜಿನ ಸರಾಸರಿ ವಾರ್ಷಿಕ ಫೀಸು 11,610 ಡಾಲರ್. ಹೊರ ರಾಜ್ಯದಿಂದ ಬಂದವರಿಗೆ 30,780. ಖಾಸಗಿ ಲಾಭರಹಿತ ಕಾಲೇಜಿನಲ್ಲಿ 43,350. ಊಟ, ವಸತಿ ಇದರಲ್ಲಿ ಸೇರಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಸೇರಿರುವ ಕ್ಯಾಲಿಫೋರ್ನಿಯಾ ಸ್ಟೇಟ್ ವ್ಯವಸ್ಥೆಯಲ್ಲಿ ಅದೇ ವರ್ಷ ಮೂಲ ಫೀಸು 6,084 ಡಾಲರ್ ಇತ್ತು. ಅದೂ ವರ್ಷಕ್ಕೆ ಶೇ 6ರಂತೆ ಐದು ವರ್ಷ ಏರಲಿದೆ ಎಂದು 2023ರಲ್ಲೇ ತೀರ್ಮಾನವಾಗಿದೆ. ಪಠ್ಯ ಒಂದೇ, ಓದುವ ಪುಸ್ತಕಗಳೂ ಹೆಚ್ಚುಕಡಿಮೆ ಅವೇ, ಮುಂದೆ ಸೇರುವ ಕೆಲಸವೂ ಅದೇ ಬಗೆಯದು. ಸಾಂತ್ವನ ಕೇಂದ್ರದಲ್ಲಿ ಸಂಬಳ ನಿಗದಿ ಮಾಡುವವರು ಯಾವ ಕಾಲೇಜಿಗೆ ಎಷ್ಟು ಫೀಸು ಕಟ್ಟಿದಿರಿ ಎಂದು ಕೇಳುವುದಿಲ್ಲ.

ಬಹಳ ಶ್ರೀಮಂತ ಖಾಸಗಿ ವಿಶ್ವವಿದ್ಯಾಲಯಗಳ ಮಾತು ಬೇರೆ. ಅಲ್ಲಿ ಒಟ್ಟು ಖರ್ಚು ವರ್ಷಕ್ಕೆ 90 ಸಾವಿರ ಡಾಲರ್ ಮುಟ್ಟಿದ್ದರೂ ಬಡ ಕುಟುಂಬದ ಮಕ್ಕಳಿಗೆ ಫೀಸಿನ ಬಹುಭಾಗವನ್ನು ಅವೇ ಮನ್ನಾ ಮಾಡುತ್ತವೆ. ಅಪಾಯ ಹೆಚ್ಚಿರುವುದು ಹೆಸರೂ ಅಷ್ಟಕ್ಕಷ್ಟೆ, ನಿಧಿಯೂ ಅಷ್ಟಕ್ಕಷ್ಟೆ ಇರುವ ಮಧ್ಯಮ ದರ್ಜೆಯ ಖಾಸಗಿ ಕಾಲೇಜುಗಳಲ್ಲಿ. ರಿಯಾಯಿತಿ ಕೊಟ್ಟ ಮೇಲೂ ಅಲ್ಲಿ ಉಳಿಯುವ ಮೊತ್ತ ಸರ್ಕಾರಿ ಕಾಲೇಜಿಗಿಂತ ಹೆಚ್ಚಿರುತ್ತದೆ, ಪದವಿಯ ಬಲದ ಮೇಲೆ ಸಿಗುವ ಸಂಬಳ ಮಾತ್ರ ಹೆಚ್ಚಿರುವುದಿಲ್ಲ.

ಒಬ್ಬ ವಿದ್ಯಾರ್ಥಿನಿಯ ಸಾಲದ ಲೆಕ್ಕವನ್ನು ಇಲ್ಲಿ ಬಿಡಿಸಿ ನೋಡೋಣ. ತಂದೆತಾಯಿಯ ಆಸರೆಯಲ್ಲಿರುವ ವಿದ್ಯಾರ್ಥಿಗೆ ಸರ್ಕಾರ ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ ಎರಡು ವರ್ಷ 7,500ರಂತೆ ಒಟ್ಟು 27 ಸಾವಿರ ಡಾಲರ್ ಸಾಲ ಕೊಡುತ್ತದೆ. ಬಡ್ಡಿ 2020-21ರಲ್ಲಿ ಶೇ 2.75 ಇದ್ದದ್ದು 2025-26ರಲ್ಲಿ ಶೇ 6.39. ಈ ದರವನ್ನೇ ಇಡೀ ಸಾಲಕ್ಕೆ ಹಿಡಿದರೆ, ಹೊಸ ಕಾಯ್ದೆಯಂತೆ ಇಷ್ಟು ಸಾಲವನ್ನು 15 ವರ್ಷ ತೀರಿಸಬೇಕು, ತಿಂಗಳ ಕಂತು ಸುಮಾರು 234 ಡಾಲರ್. ಕೊನೆಗೆ ಕಟ್ಟಿದ ಮೊತ್ತ 42 ಸಾವಿರ, ಅದರಲ್ಲಿ ಬಡ್ಡಿಯೇ 15 ಸಾವಿರ. ಸರ್ಕಾರಿ ಕಾಲೇಜಿನಲ್ಲಿ ಓದಿ 45 ಸಾವಿರ ಡಾಲರ್ ಸಂಬಳ ಪಡೆಯುವವಳಿಗೆ ಇದು ಕಷ್ಟ, ಆದರೆ ಹೇಗೋ ನಿಭಾಯಿಸಬಹುದು.

ಆಕೆ ಅಲ್ಲಿಗೇ ನಿಲ್ಲುವುದಿಲ್ಲ. ಈ ವಿಷಯದಲ್ಲಿ ಬಿ.ಎ. ಸಾಲದು, ಒಳ್ಳೆಯ ಕೆಲಸಕ್ಕೆ ಎಂ.ಎ. ಬೇಕು ಎಂದು ಎಲ್ಲರೂ ಹೇಳುತ್ತಾರೆ. ಎರಡು ವರ್ಷದ ಎಂ.ಎ.ಗೆ ವರ್ಷಕ್ಕೆ 20,500ರಂತೆ 41 ಸಾವಿರ, ಶೇ 7.94ರ ಬಡ್ಡಿಯಲ್ಲಿ. ಈಗ ಒಟ್ಟು ಸಾಲ 68 ಸಾವಿರ. ತೀರಿಸುವ ಅವಧಿ 20 ವರ್ಷ, ಕಂತು ಸುಮಾರು 540 ಡಾಲರ್, ಒಟ್ಟು ಕಟ್ಟುವುದು 1 ಲಕ್ಷ 30 ಸಾವಿರದ ಹತ್ತಿರ. ಅಷ್ಟು ಕಟ್ಟಲಾಗದಿದ್ದರೆ ಆದಾಯಕ್ಕೆ ತಕ್ಕ ಕಂತಿನ ಹೊಸ ಯೋಜನೆ ಇದೆ. 45 ಸಾವಿರ ಆದಾಯದ ಮೇಲೆ ಶೇ 4, ಅಂದರೆ ತಿಂಗಳಿಗೆ 150 ಡಾಲರ್. ಆದರೆ ಆ ಸಾಲದ ಬಡ್ಡಿಯೇ ತಿಂಗಳಿಗೆ 415 ಡಾಲರ್! ಉಳಿದ ಬಡ್ಡಿಯನ್ನು ಸರ್ಕಾರ ಬಿಟ್ಟುಕೊಡುತ್ತದೆ, ಅಸಲಿನಲ್ಲಿ ತಿಂಗಳಿಗೆ 50 ಡಾಲರ್ ಇಳಿಯುವಂತೆ ನೋಡಿಕೊಳ್ಳುತ್ತದೆ. ಆದರೂ ಉಳಿದ ಸಾಲ ಮನ್ನಾ ಆಗುವುದು 30 ವರ್ಷದ ನಂತರ. ಹಳೆಯ ಯೋಜನೆಗಳಲ್ಲಿ ಅದು 20 ಅಥವಾ 25 ವರ್ಷ ಇತ್ತು. ಇಪ್ಪತ್ತನಾಲ್ಕನೇ ವಯಸ್ಸಿಗೆ ಎಂ.ಎ. ಮುಗಿಸಿದವಳು ಐವತ್ತನಾಲ್ಕರವರೆಗೆ ಸಾಲಗಾರ್ತಿ. ಮನೆ ಕೊಳ್ಳುವುದು, ಮಗುವಿಗೆ ಒಂದಿಷ್ಟು ಕೂಡಿಡುವುದು, ಬೇಡದ ಕೆಲಸ ಬಿಡುವುದು, ಎಲ್ಲಕ್ಕೂ ಈ ಸಾಲ ಅಡ್ಡ ಬರುತ್ತದೆ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. 2008ರಲ್ಲಿ ಪದವಿ ಮುಗಿಸಿದವರನ್ನು ಹಿಂಬಾಲಿಸಿದ ಬ್ರೂಕಿಂಗ್ಸ್ ಸಂಸ್ಥೆಯ 2016ರ ಅಧ್ಯಯನ ಮನ ಕಲಕುವಂಥದ್ದು. ಪದವಿಯ ದಿನ ಕಪ್ಪು ವಿದ್ಯಾರ್ಥಿಯ ಸರಾಸರಿ ಸಾಲ 23,400 ಡಾಲರ್, ಬಿಳಿಯರದು 16 ಸಾವಿರ. ನಾಲ್ಕು ವರ್ಷದ ನಂತರ ಅದು ಕ್ರಮವಾಗಿ ಸುಮಾರು 53 ಸಾವಿರ ಮತ್ತು 28 ಸಾವಿರ. ಅಂತರ 7,400 ಇದ್ದದ್ದು ಮೂರು ಪಟ್ಟಿಗಿಂತ ಹೆಚ್ಚಾಯಿತು. ಸೇರುತ್ತಾ ಹೋದ ಬಡ್ಡಿ ಒಂದು ಕಾರಣ, ಸ್ನಾತಕೋತ್ತರ ಓದಿಗೆ ಮಾಡಿದ ಸಾಲ ಇನ್ನೊಂದು. ದೇಶದ ವಿದ್ಯಾಸಾಲದ ಸುಮಾರು ಮೂರನೇ ಎರಡು ಭಾಗ ಹೆಂಗಸರ ಮೇಲಿದೆ ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಜನಾಂಗೀಯ ಮತ್ತು ಲಿಂಗತ್ವ ಅಧ್ಯಯನಗಳು ಯಾವ ಅಸಮಾನತೆಯನ್ನು ಪಾಠ ಹೇಳುತ್ತವೆಯೋ, ಅದೇ ಅಸಮಾನತೆಯ ಹೊರೆ ಆ ಪಾಠ ಕೇಳುವವರ ಹೆಗಲ ಮೇಲಿದೆ.

ಮುಕ್ತ ಮಾರುಕಟ್ಟೆಯ ಒಲವಿನ ಫ್ರೀಆಪ್ ಸಂಸ್ಥೆಗಾಗಿ ಪ್ರೆಸ್ಟನ್ ಕೂಪರ್ 2024ರಲ್ಲಿ ಮಾಡಿದ ವಿಶ್ಲೇಷಣೆಯೂ ಸ್ನಾತಕೋತ್ತರದ ಕಡೆಗೇ ಬೆರಳು ತೋರಿಸುತ್ತದೆ. ಎಲ್ಲ ವಿಷಯಗಳನ್ನೂ ಸೇರಿಸಿ ನೋಡಿದರೆ ಪದವಿ ಕೋರ್ಸುಗಳಲ್ಲಿ ಶೇ 23, ಸ್ನಾತಕೋತ್ತರ ಕೋರ್ಸುಗಳಲ್ಲಿ ಶೇ 43 ಓದಿದವರಿಗೆ ಆರ್ಥಿಕವಾಗಿ ನಷ್ಟ ತರುತ್ತವೆ ಎಂಬುದು ಅವರ ಲೆಕ್ಕ.

ಹೊಸ ಕಾಯ್ದೆ ಸ್ನಾತಕೋತ್ತರ ಸಾಲಕ್ಕೆ ಒಟ್ಟು 1 ಲಕ್ಷ ಡಾಲರ್ ಮಿತಿ ಹಾಕಿ, ಖರ್ಚಿನಷ್ಟೂ ಸಾಲ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಯೋಜನೆಯನ್ನು ಹೊಸಬರಿಗೆ ನಿಲ್ಲಿಸುತ್ತದೆ. ಪೋಷಕರ ಸಾಲಕ್ಕೂ ಒಂದು ಮಗುವಿಗೆ 65 ಸಾವಿರದ ಮಿತಿ ಬಂದಿದೆ. ಕಾಲೇಜುಗಳು ಇದಕ್ಕೆ ಹೆದರಿ ಫೀಸು ಇಳಿಸಿದರೆ ಒಳ್ಳೆಯದೇ. ಇಳಿಸದಿದ್ದರೆ ಆ ಕೊರತೆಯನ್ನು ತುಂಬುವುದು ಖಾಸಗಿ ಸಾಲ. ಅದಕ್ಕೆ ಜಾಮೀನುದಾರ ಬೇಕು, ಆದಾಯ ನೋಡಿ ಕಂತು ಇಳಿಸುವ ಕಟ್ಟುಪಾಡು ಇಲ್ಲ, 30 ವರ್ಷವಾದರೂ ಮನ್ನಾ ಇಲ್ಲ. ದಿವಾಳಿ ಅರ್ಜಿ ಹಾಕಿದರೂ ಅದರಿಂದ ಬಿಡುಗಡೆ ಪಡೆಯುವುದು ಬಹಳ ಕಷ್ಟ.

ಇಷ್ಟೆಲ್ಲ ತಿಳಿದು ಸೇರಬೇಕೆಂದರೆ ಮಾಹಿತಿಯಾದರೂ ಸಿಗುತ್ತದೆಯೇ? ಕೋರ್ಸುವಾರು ಸಾಲ, ಸಂಬಳ ತೋರಿಸುವ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ಸರ್ಕಾರಿ ದತ್ತಾಂಶ ಇದೆ. ಎಂಜಿನಿಯರಿಂಗ್, ನರ್ಸಿಂಗ್, ಬಿಸಿನೆಸ್ ಸಾಲುಗಳಲ್ಲಿ ಅಂಕಿಗಳು ತುಂಬಿವೆ. ಜನಾಂಗೀಯ ಅಥವಾ ಲಿಂಗತ್ವ ಅಧ್ಯಯನದ ಸಾಲಿಗೆ ಬಂದರೆ ಅನೇಕ ಕಾಲೇಜುಗಳ ಎದುರು ಖಾಲಿ, ಇಲ್ಲವೇ ಖಾಸಗಿತನಕ್ಕಾಗಿ ತಡೆಹಿಡಿದಿದೆ ಎಂಬ ಗುರುತು. ಪದವಿ ಪಡೆದವರು ಬೆರಳೆಣಿಕೆಯಷ್ಟಿದ್ದಾಗ ಅಂಕಿ ಪ್ರಕಟಿಸಿದರೆ ವ್ಯಕ್ತಿ ಯಾರೆಂದೇ ಗೊತ್ತಾಗಿಬಿಡುತ್ತದೆ ಎಂಬ ಕಾರಣಕ್ಕೆ ಹೀಗೆ ಮಾಡುತ್ತಾರೆ. ಕಾರಣ ನ್ಯಾಯವಾದದ್ದೇ. ಆದರೆ ಮಾಹಿತಿ ಹೆಚ್ಚು ಬೇಕಾದವರಿಗೇ ಅದು ಸಿಗುತ್ತಿಲ್ಲ.

ಹೊಸ ಪರೀಕ್ಷೆಗೂ ಇದೇ ತೊಡಕು. 30 ಜನ ಸಿಗದಿದ್ದರೆ ಹಲವು ವರ್ಷಗಳವರನ್ನು ಒಟ್ಟುಗೂಡಿಸಿ ಎಂದು ಕಾಯ್ದೆ ಹೇಳುತ್ತದೆ. ಅಷ್ಟು ಚಿಕ್ಕ ಗುಂಪಿನಲ್ಲಿ ನಾಲ್ಕೈದು ಮಂದಿ ಅರೆಕಾಲಿಕ ಕೆಲಸಕ್ಕೆ ಹೋದರೂ ಮಧ್ಯಾಂಕ ಕೆಳಗೆ ಜಾರಬಹುದು. ಇನ್ನೂ ಕಾನೂನು ಶಾಲೆಯಲ್ಲೋ ಪಿಎಚ್‌.ಡಿ.ಯಲ್ಲೋ ಇರುವವರನ್ನು ಲೆಕ್ಕಕ್ಕೇ ಸೇರಿಸುವುದಿಲ್ಲ. ಪದವಿ ಮಟ್ಟದಲ್ಲಿ ಬಹುಪಾಲು ಕೋರ್ಸುಗಳು ಈ ಪರೀಕ್ಷೆಯನ್ನು ಪಾಸು ಮಾಡುತ್ತವೆ, ನಿಜ. 2022ರಲ್ಲಿ ಪೂರ್ಣಾವಧಿ ದುಡಿಯುವ 25-34 ವಯಸ್ಸಿನವರಲ್ಲಿ ಪದವೀಧರರ ಮಧ್ಯಾಂಕ 66,600 ಡಾಲರ್, ಹೈಸ್ಕೂಲಿನವರದು 41,800. ಅಂತರ ಸಾಕಷ್ಟಿದೆ. ಸಂಕಟ ಇರುವುದು ಆ ಅಂತರದ ಕೆಳತುದಿಯಲ್ಲಿರುವ ಸಣ್ಣ ಕೋರ್ಸುಗಳಿಗೆ ಮತ್ತು ಪದವೀಧರರ ಗಳಿಕೆಗೆ ಹೋಲಿಸಲಾಗುವ ಎಂ.ಎ.ಗಳಿಗೆ.

ಫೇಲಾಗುವವರೆಗೆ ಕಾಯುವ ವ್ಯವಧಾನವೂ ಆಡಳಿತಗಳಿಗಿಲ್ಲ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2023ರಲ್ಲಿ 28 ಮುಖ್ಯ ವಿಷಯಗಳನ್ನೂ 143 ಅಧ್ಯಾಪಕ ಹುದ್ದೆಗಳನ್ನೂ ಕಿತ್ತುಹಾಕಿತು. ಅದೇ ವರ್ಷ ಫ್ಲಾರಿಡಾದ ಸರ್ಕಾರಿ ನ್ಯೂ ಕಾಲೇಜಿನ ಆಡಳಿತ ಮಂಡಳಿ ಲಿಂಗತ್ವ ಅಧ್ಯಯನವನ್ನು ಮುಚ್ಚಲು ಮತ ಹಾಕಿತು. ಇಂಡಿಯಾನಾ ರಾಜ್ಯ 2025ರಲ್ಲಿ, ಮೂರು ವರ್ಷದ ಸರಾಸರಿಯಲ್ಲಿ ಕನಿಷ್ಠ 15 ಪದವೀಧರರು ಬಾರದ ಪದವಿ ಕೋರ್ಸು ವಿಶೇಷ ಅನುಮತಿ ಪಡೆಯಬೇಕೆಂದು ಕಾನೂನು ಮಾಡಿತು. ಬೆನ್ನಲ್ಲೇ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು 400ಕ್ಕೂ ಹೆಚ್ಚು ಕೋರ್ಸುಗಳನ್ನು ನಿಲ್ಲಿಸಲು ಅಥವಾ ವಿಲೀನ ಮಾಡಲು ಒಪ್ಪಿದವು. ಈ ಮೂರೂ ಉದಾಹರಣೆಗಳು ಸರ್ಕಾರಿ ಕಾಲೇಜುಗಳವು ಎಂಬುದನ್ನು ಗಮನಿಸಿ. ಮೇಲಾಗಿ ಅಮೆರಿಕದಲ್ಲಿ ಹೈಸ್ಕೂಲು ಮುಗಿಸುವವರ ಸಂಖ್ಯೆ 2025ರಲ್ಲಿ ಶಿಖರ ಮುಟ್ಟಿ, 2041ರ ಹೊತ್ತಿಗೆ ಶೇ 13ರಷ್ಟು ಕುಸಿಯಲಿದೆ ಎಂಬ ಅಂದಾಜಿದೆ. ವಿದ್ಯಾರ್ಥಿಗಳು ಕಡಿಮೆಯಾದಾಗ ಮೊದಲು ಬಲಿಯಾಗುವುದು ಚಿಕ್ಕ ವಿಭಾಗ.

ಇದರಿಂದ ಕಳೆದುಕೊಳ್ಳುವುದೇನು ಎಂಬುದಕ್ಕೂ ಪುರಾವೆ ಇದೆ. ಸ್ಯಾನ್ ಫ್ರಾನ್ಸಿಸ್ಕೊದ ಕೆಲವು ಹೈಸ್ಕೂಲುಗಳಲ್ಲಿ ಗ್ರೇಡ್ 2ಕ್ಕಿಂತ ಕಡಿಮೆ ಇದ್ದ ಒಂಬತ್ತನೇ ತರಗತಿಯ ಮಕ್ಕಳನ್ನು ಜನಾಂಗೀಯ ಅಧ್ಯಯನದ ತರಗತಿಗೆ ಸೇರಿಸಲಾಗಿತ್ತು. ಸ್ಟ್ಯಾನ್‌ಫರ್ಡ್‌ನ ಥಾಮಸ್ ಡೀ ಮತ್ತು ಎಮಿಲಿ ಪೆನ್ನರ್ ಆ ಗೆರೆಯ ಆಚೀಚೆ ಇದ್ದವರನ್ನು ಹೋಲಿಸಿದಾಗ ಹಾಜರಾತಿ ಶೇಕಡಾ 21 ಅಂಶ, ಗ್ರೇಡ್ 1.4 ಅಂಶ ಏರಿದ್ದು ಕಂಡಿತು. 2021ರ ಮುಂದುವರಿದ ಅಧ್ಯಯನದಲ್ಲಿ ಆ ಮಕ್ಕಳು ಹೈಸ್ಕೂಲು ಮುಗಿಸಿ ಕಾಲೇಜು ಸೇರುವುದೂ ಹೆಚ್ಚಿತ್ತು. ಪ್ರಯೋಗ ಚಿಕ್ಕದು, ಅಷ್ಟು ದೊಡ್ಡ ಫಲ ಎಲ್ಲ ಕಡೆ ಸಿಗುತ್ತದೆಂದು ಹೇಳಲಾಗದು. ಆದರೂ ಶಾಲೆ ಬಿಡುವ ಅಂಚಿನಲ್ಲಿದ್ದ ಮಗುವನ್ನು ಉಳಿಸಿಕೊಂಡ ಅಧ್ಯಾಪಕಿಯ ಕೆಲಸದ ಬೆಲೆ ಆಕೆಯ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಕ್ಯಾಲಿಫೋರ್ನಿಯಾ 2021ರಲ್ಲಿ ಈ ವಿಷಯವನ್ನು ಹೈಸ್ಕೂಲಿನಲ್ಲಿ ಕಡ್ಡಾಯ ಮಾಡುವ ಕಾನೂನು ತಂದಿತು, ಹಣ ಮಾತ್ರ ಒದಗಿಸಲಿಲ್ಲ. ಹಣ ಬಂದಿದ್ದರೆ ಈ ಪದವೀಧರರಿಗೆ ಶಿಕ್ಷಕ ಹುದ್ದೆಗಳ ದಾರಿ ತೆರೆಯುತ್ತಿತ್ತು.

ಕರ್ನಾಟಕದಿಂದ ಹೋಗುವವರಿಗೆ ಅಪಾಯ ಇನ್ನೂ ಹೆಚ್ಚು. 2023-24ರಲ್ಲಿ ಅಮೆರಿಕದಲ್ಲಿ 3.31 ಲಕ್ಷ ಭಾರತೀಯ ವಿದ್ಯಾರ್ಥಿಗಳಿದ್ದರು, ಬಹುಪಾಲು ವಿಜ್ಞಾನ, ಎಂಜಿನಿಯರಿಂಗ್ ಓದುವವರು. ಮಹಿಳಾ ಅಧ್ಯಯನಕ್ಕೋ ದಕ್ಷಿಣ ಏಷ್ಯಾ ಅಧ್ಯಯನಕ್ಕೋ ಹೋಗುವವರು ಕೆಲವೇ ಮಂದಿ. ಅವರಿಗೆ ಅಮೆರಿಕದ ಸರ್ಕಾರಿ ಸಾಲ ಇಲ್ಲ, ಕಂತು ಇಳಿಸುವ ಯೋಜನೆಯೂ ಇಲ್ಲ. ಊರಿನ ಬ್ಯಾಂಕಿನಲ್ಲಿ ಮನೆಯನ್ನೋ ಸೈಟನ್ನೋ ಅಡವಿಟ್ಟು ಹೋಗಬೇಕು. ಓದು ಮುಗಿದ ಮೇಲೆ ಎಂಜಿನಿಯರಿಗೆ ಅಲ್ಲಿ ಒಟ್ಟು 36 ತಿಂಗಳು ಕೆಲಸ ಮಾಡುವ ಅವಕಾಶವಿದ್ದರೆ ಇವರಿಗೆ 12 ತಿಂಗಳು ಮಾತ್ರ. ಡಾಲರಿನಲ್ಲಿ ಮಾಡಿದ ಖರ್ಚನ್ನು ರೂಪಾಯಿ ಸಂಬಳದಲ್ಲಿ ತೀರಿಸುವ ಸ್ಥಿತಿ ಬರುವುದು ಆಮೇಲೆ. ಸ್ಕಾಲರ್‌ಶಿಪ್ ಸಿಕ್ಕರೆ ಖಂಡಿತ ಹೋಗಲಿ. ಇಲ್ಲವಾದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗಗಳಿವೆ. ಎಂ.ಎ. ಇಲ್ಲಿ ಮುಗಿಸಿ, ಫೀಸು ಮನ್ನಾ ಮತ್ತು ವೇತನ ಎರಡೂ ಇರುವ ಪಿಎಚ್‌.ಡಿ.ಗೆ ಅಲ್ಲಿ ಅರ್ಜಿ ಹಾಕುವುದು ಜಾಣತನ.

ಅಮೆರಿಕದಲ್ಲೇ ನೆಲೆಸಿರುವ ಕನ್ನಡದ ತಂದೆತಾಯಂದಿರಿಗೆ ನನ್ನ ಮನವಿ ಇಷ್ಟೆ. ಮಗಳು ಈ ವಿಷಯ ಓದುತ್ತೇನೆಂದರೆ ಬೇಡ ಎನ್ನಬೇಡಿ. ಅಂಕಿಗಳು ವಿಷಯದ ವಿರುದ್ಧ ಸಾಕ್ಷಿ ಹೇಳುವುದಕ್ಕಿಂತ ಹೆಚ್ಚು ಬೆಲೆಯ ವಿರುದ್ಧ ಹೇಳುತ್ತಿವೆ. ನಿಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಆ ವಿಭಾಗ ಇನ್ನೂ ಇದೆಯೇ, ಮುಂದಿನ ನಾಲ್ಕು ವರ್ಷ ಇರುತ್ತದೆಯೇ ಎಂದು ವಿಭಾಗದ ಮುಖ್ಯಸ್ಥರನ್ನೇ ಕೇಳಿ. ಅದರ ಜೊತೆಗೆ ಅಂಕಿಅಂಶ ವಿಜ್ಞಾನ, ಸಾರ್ವಜನಿಕ ಆರೋಗ್ಯ ಅಥವಾ ಶಿಕ್ಷಕ ತರಬೇತಿಯನ್ನು ಎರಡನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳಲು ಆಗುತ್ತದೆಯೇ ನೋಡಿ. ಸರ್ಕಾರಿ ಸಾಲದ 27 ಸಾವಿರ ಡಾಲರ್ ಮೀರಿ ಖಾಸಗಿ ಸಾಲದ ಕಾಗದಕ್ಕೆ ಜಾಮೀನು ಸಹಿ ಹಾಕಲೇಬೇಡಿ. ಕಾಲೇಜಿನ ಹೆಸರು ಎಷ್ಟೇ ಆಕರ್ಷಕವಾಗಿದ್ದರೂ, ಮಗಳು ಎಷ್ಟೇ ಹಟ ಹಿಡಿದರೂ ಆ ಗೆರೆಯಲ್ಲಿ ನಿಲ್ಲಿ. ಸಾಲ ಮಾಡಿ ಎಂ.ಎ. ಎಂಬ ಮಾತು ಬಂದಾಗ ಈ ಲೇಖನದ 540 ಡಾಲರ್ ಕಂತಿನ ಲೆಕ್ಕವನ್ನು ಅವಳ ಎದುರಿಗೇ ಕೂತು ಮಾಡಿ. ನಿಮ್ಮ ರಾಜ್ಯದ ಶಾಸಕಾಂಗ ಸರ್ಕಾರಿ ಕಾಲೇಜಿನ ಸಣ್ಣ ವಿಭಾಗಗಳನ್ನು ಮುಚ್ಚಲು ಹೊರಟರೆ ನಿಮ್ಮ ಪ್ರತಿನಿಧಿಗೆ ಪತ್ರ ಬರೆಯಿರಿ, ಕೋರ್ಸನ್ನು ಅಳೆಯುವಾಗ ಗಳಿಕೆಯ ಜೊತೆ ಫೀಸನ್ನೂ ಸಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಕೇಳಿ.